ಮನೆ ಫೋನಿಗೆ 9,386 ರೂಪಾಯಿ ಬಿಲ್: ಎಕ್ಸ್‌ಚೇಂಜ್ ಸರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ಭಾನುವಾರದ ವಿಷಯ ಲ್ಯಾಂಡ್‌ಲೈನ್ ಬಿಲ್. ಉತ್ತರ ಕೊಡುವವರು ನಮ್ಮ ಗ್ರೂಪಿನ 'ಹಳೇ ಎಕ್ಸ್‌ಚೇಂಜ್' ಸರ್. ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ 33 ವರ್ಷ ಕೆಲಸ ಮಾಡಿ ನಿವೃತ್ತರಾಗಿದ್ದಾರೆ. ಕಂಪನಿ ಹೆಸರು ಹಾಕಿ ಬೈಯಬೇಡಿ. ಬಿಲ್ ಹಾಕುವಾಗ ನಂಬರ್ ಮುಚ್ಚಿ.

ಮಲ್ಲೇಶ್ವರಂ ಮನೆ: ನಮಸ್ಕಾರ ಸರ್. ನಮ್ಮದು ಅನ್‌ಲಿಮಿಟೆಡ್ ಪ್ಲಾನ್. ಆದರೂ ಬಿಲ್‌ನಲ್ಲಿ 'ಇತರೆ ಕರೆ' ಅಂತ 64 ರೂಪಾಯಿ ಹಾಕಿದ್ದಾರೆ. ಬ್ಯಾಂಕಿನ 1860 ನಂಬರ್ ಬಿಟ್ಟರೆ ಬೇರೆಲ್ಲೂ ಮಾಡಿಲ್ಲ. ಅದು ಫ್ರೀ ಅಲ್ವಾ?

ಹಳೇ ಎಕ್ಸ್‌ಚೇಂಜ್: ನಮಸ್ಕಾರ. 1800 ಫ್ರೀ, 1860 ಫ್ರೀ ಅಲ್ಲ. ನೋಡೋಕೆ ಅಣ್ಣತಮ್ಮ ಇದ್ದ ಹಾಗಿವೆ, ಅಷ್ಟೇ. ನಿಮ್ಮ ಅನ್‌ಲಿಮಿಟೆಡ್‌ನಲ್ಲಿ 1860 ಸೇರಿದೆಯಾ ಅಂತ ಪ್ಲಾನ್ ವಿವರದಲ್ಲಿ ನೋಡಿ. ಸೇರಿಲ್ಲದಿದ್ದರೆ, ಇಪ್ಪತ್ತು ನಿಮಿಷ ಹಾಡು ಕೇಳಿಸಿ ಕೂರಿಸುತ್ತಾರಲ್ಲ, ಆ ಹಾಡಿಗೂ ದುಡ್ಡು ನಿಮ್ಮದೇ.

ಸಾಗರದ ಮಗಳು: ಸರ್, ಇದು ಸ್ವಲ್ಪ ಉದ್ದ ಇದೆ, ಕ್ಷಮಿಸಿ. ಅಮ್ಮನಿಗೆ 74 ವರ್ಷ, ಸಾಗರದ ಹತ್ತಿರ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಮೊಬೈಲ್ ಸಿಗ್ನಲ್ ಇಲ್ಲ. ಹೋದ ವರ್ಷ ಫೈಬರ್ ಹಾಕಿಸಿ ಅದರಲ್ಲೇ ಲ್ಯಾಂಡ್‌ಲೈನ್ ಕೊಡಿಸಿದೆವು. ತಿಂಗಳಿಗೆ 471 ರೂಪಾಯಿ ಬರುತ್ತಿತ್ತು. ಈ ಸಲ 9,386. ಎಲ್ಲ ಐಎಸ್‌ಡಿ, ಅಂದರೆ ವಿದೇಶದ ಕರೆ, ಅದೂ ಎರಡೇ ರಾತ್ರಿಯಲ್ಲಿ. ಆ ಎರಡು ರಾತ್ರಿ ಅಮ್ಮನಿಗೆ ಜ್ವರ ಇತ್ತು ಅಂತ ಮನೆಗೆಲಸದ ಹುಡುಗಿ ಅಲ್ಲೇ ಮಲಗಿದ್ದಳು. ನನ್ನ ಅಣ್ಣ ಅವಳನ್ನೇ ಕೇಳಿಬಿಟ್ಟ. ಅವಳು ಅಳುತ್ತಾ ಹೋದವಳು ಇನ್ನೂ ಬಂದಿಲ್ಲ. ಅವಳೇ ಮಾಡಿರಬಹುದಾ? ಹೇಗೆ ಪತ್ತೆ ಮಾಡೋದು?

ಹಳೇ ಎಕ್ಸ್‌ಚೇಂಜ್: ಮೇಡಂ, ಯಾರನ್ನೂ ಕೇಳುವ ಮೊದಲು ಬಿಲ್ಲನ್ನು ಕೇಳಬೇಕಿತ್ತು. ಮೊದಲ ಪುಟ ಅಲ್ಲ, ಕೊನೆಯಲ್ಲಿ ಕರೆಗಳ ಪಟ್ಟಿ ಇರುತ್ತೆ. ಇಲ್ಲದಿದ್ದರೆ ಕಂಪನಿಯಿಂದ ತರಿಸಿ. ಪ್ರತಿ ಕರೆ ಶುರುವಾದ ಹೊತ್ತು ಸೆಕೆಂಡಿನವರೆಗೆ ಬೇಕು. ಎಷ್ಟು ನಿಮಿಷ ಮಾತಾಡಿದ್ದಾರೆ, 00 ಆದಮೇಲಿನ ದೇಶದ ಕೋಡ್ ಯಾವುದು, ನಂಬರಿನ ಕೊನೇ ಎರಡು ಅಂಕಿ ಏನು. ಇಷ್ಟು ಹಾಕಿ. ಮನೆಯಲ್ಲಿ ಎಷ್ಟು ಫೋನ್ ಇವೆ ಅಂತಲೂ ಹೇಳಿ.

ಸುಪ್ರಭಾತ ಗೆಳೆಯರು: 🙏 ಎಲ್ಲರಿಗೂ ಶೇರ್ ಮಾಡಿ 🙏 +371, +375, +381ರಿಂದ ಮಿಸ್ಡ್ ಕಾಲ್ ಬಂದರೆ ಎತ್ತಬೇಡಿ. ಎತ್ತಿದ 3 ಸೆಕೆಂಡಿನಲ್ಲಿ ನಿಮ್ಮ ಕಾಂಟ್ಯಾಕ್ಟ್ ಲಿಸ್ಟ್, ಬ್ಯಾಂಕ್ ವಿವರ ಎಲ್ಲ ಕಾಪಿ ಆಗುತ್ತದೆ. ಯಾರಾದರೂ #90 ಅಥವಾ #09 ಒತ್ತಿ ಅಂದರೆ ಒತ್ತಬೇಡಿ!!

ಹಳೇ ಎಕ್ಸ್‌ಚೇಂಜ್: ಇದರಲ್ಲಿ ಒಂದು ಕಾಳು, ಉಳಿದದ್ದು ಹೊಟ್ಟು. 371 ಲಾಟ್ವಿಯಾ, 375 ಬೆಲಾರುಸ್, 381 ಸರ್ಬಿಯಾ. ಈ ಕೋಡ್‌ಗಳಿಂದ ಒಂದು ರಿಂಗ್ ಕೊಟ್ಟು ಕಟ್ ಮಾಡುವ ಮೋಸ ನಿಜ. ಜಪಾನೀಯರು ಅದಕ್ಕೆ 'ವಾನ್‌ಗಿರಿ' ಅಂತಾರೆ, ಒಂದು ಸಲ ಬಡಿದು ಕಟ್ ಅಂತ ಅರ್ಥ. ಆದರೆ ಕರೆ ಎತ್ತಿದರೆ ದುಡ್ಡು ಹೋಗಲ್ಲ, ತಿರುಗಿ ಮಾಡಿದರೆ ಹೋಗುತ್ತದೆ. ಎತ್ತಿದ ಮಾತ್ರಕ್ಕೆ ಕಾಂಟ್ಯಾಕ್ಟ್ ಕಾಪಿ ಆಗುವುದು ಶುದ್ಧ ಕಟ್ಟುಕಥೆ. ಅದೂ ಲ್ಯಾಂಡ್‌ಲೈನ್‌ನಲ್ಲಿ! ನಮ್ಮ ಮನೆ ಲ್ಯಾಂಡ್‌ಲೈನಿನ ಕಾಂಟ್ಯಾಕ್ಟ್ ಲಿಸ್ಟ್ ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿದೆ. #90 ಕಥೆ 1990ರ ದಶಕದ ಅಮೆರಿಕದ್ದು. 9 ಒತ್ತಿ ಹೊರಗಿನ ಲೈನ್ ತೆಗೆದುಕೊಳ್ಳುವ ಕೆಲವು ಆಫೀಸ್ ಟೆಲಿಫೋನ್ ಬೋರ್ಡ್‌ಗಳಲ್ಲಿ ಮಾತ್ರ ನಡೆಯುತ್ತಿತ್ತು. ಮನೆ ಫೋನಿಗೂ ಮೊಬೈಲಿಗೂ ಸಂಬಂಧವೇ ಇಲ್ಲ.

ಮೈಸೂರು ಅಜ್ಜ: ಸಾರ್, ನನ್ನ ಕಾರ್ಡ್‌ಲೆಸ್ ಫೋನಿನ ಬ್ಯಾಟರಿ ಎರಡು ಗಂಟೆ ಕೂಡ ಬರೋದಿಲ್ಲ. ಎಲ್ಲಿ ಸಿಗುತ್ತೆ?

ಮಂಡ್ಯ ಹೈದ: ಸರ್, 1860 ಫ್ರೀನಾ?

ಹಳೇ ಎಕ್ಸ್‌ಚೇಂಜ್: ಅಲ್ಲ. ಮೇಲೆ ಹೇಳಿದ್ದೇನೆ.

ಎಡಿಸನ್ ಕನ್ನಡಿಗ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಅಪ್ಪ ಅಮ್ಮ ಬಂದಾಗ ಮನೆ ಫೋನಿಗೆ 876ರಿಂದ ಮಿಸ್ಡ್ ಕಾಲ್ ಬಂತು. ಹತ್ತೇ ಅಂಕಿ ಇದೆ, ಲೋಕಲ್ ಇರಬೇಕು ಅಂತ ಅಪ್ಪ ತಿರುಗಿ ಮಾಡಿದರು. ಅದು ಜಮೈಕಾ ಅಂತೆ! 809 ಡೊಮಿನಿಕನ್ ರಿಪಬ್ಲಿಕ್, 473 ಗ್ರೆನಡಾ. ಇಲ್ಲಿ ಇವಕ್ಕೆ 00 ಥರ ಏನೂ ಒತ್ತಬೇಕಾಗಿಲ್ಲ, ಅದಕ್ಕೇ ಗೊತ್ತಾಗಲ್ಲ.

ಹಳೇ ಎಕ್ಸ್‌ಚೇಂಜ್: ಸರಿ ಹೇಳಿದಿರಿ. ನಮ್ಮಲ್ಲಿ 00 ಒಂದು ಬೇಲಿ ಇದ್ದ ಹಾಗೆ. ಅಲ್ಲಿ ಆ ಬೇಲಿಯೂ ಇಲ್ಲ.

ಸಾಗರದ ಮಗಳು: ಸರ್, ಪಟ್ಟಿ ಸಿಕ್ಕಿತು. ಒಟ್ಟು 43 ಕರೆ, ಎಲ್ಲ 371. ಫೋನ್ ಒಂದೇ ಇದೆ, ದೇವರ ಮನೆ ಪಕ್ಕದ ಗೂಡಿನಲ್ಲಿ. ಮೊದಲ ನಾಲ್ಕು ಸಾಲು ಹಾಕುತ್ತೇನೆ:
02:11:04, ಕೊನೆ 40, 14 ನಿಮಿಷ
02:11:31, ಕೊನೆ 41, 13 ನಿಮಿಷ
02:12:02, ಕೊನೆ 43, 14 ನಿಮಿಷ
02:12:20, ಕೊನೆ 44, 14 ನಿಮಿಷ

ಹಳೇ ಎಕ್ಸ್‌ಚೇಂಜ್: ಮೇಡಂ, ಆ ಹುಡುಗಿ ಮಾಡಿಲ್ಲ.

ಸಾಲುಗಳನ್ನು ನೋಡಿ. ಮೊದಲ ಕರೆ 2:11ಕ್ಕೆ ಶುರುವಾಗಿ 2:25ರವರೆಗೆ ನಡೆದಿದೆ. ಅದು ಮುಗಿಯುವ ಮೊದಲೇ, 27 ಸೆಕೆಂಡಿಗೆ ಎರಡನೆಯದು ಶುರು. ಆಮೇಲೆ ಮೂರನೆಯದು, ನಾಲ್ಕನೆಯದು. ಗೂಡಿನಲ್ಲಿರುವ ಒಂದು ಫೋನಿನಿಂದ ಒಂದೇ ಹೊತ್ತಿಗೆ ನಾಲ್ಕು ಜನರ ಜೊತೆ ಬೇರೆ ಬೇರೆ ಮಾತಾಡೋಕೆ ಬ್ರಹ್ಮನಿಂದಲೂ ಆಗಲ್ಲ. ಅಂದರೆ ಕರೆ ನಿಮ್ಮ ಮನೆಯ ಫೋನಿನಿಂದ ಹೋಗಿಯೇ ಇಲ್ಲ. ನಿಮ್ಮ ನಂಬರಿನ ಹೆಸರಲ್ಲಿ ಹೋಗಿದೆ.

ಹಳೇ ತಾಮ್ರದ ತಂತಿಯಾಗಿದ್ದರೆ ಕಳ್ಳ ನಿಮ್ಮ ಬೀದಿಗೇ ಬರಬೇಕಿತ್ತು. ಕಂಬದಲ್ಲಿ ಮನೆಮನೆಗೆ ತಂತಿ ಹಂಚುವ ಡಿಪಿ ಬಾಕ್ಸ್ ತೆಗೆದು ಕ್ಲಿಪ್ ಹಾಕಬೇಕಿತ್ತು. ಆಗಲೂ ಒಂದು ಹೊತ್ತಿಗೆ ಒಂದೇ ಕರೆ. ಫೈಬರ್‌ನಲ್ಲಿ ಹಾಗಲ್ಲ. ನಿಮ್ಮ ಫೋನು ಇಂಟರ್ನೆಟ್ಟಿನ ಒಂದು ಅಕೌಂಟ್ ಇದ್ದ ಹಾಗೆ. ಅದರ ಯೂಸರ್ ನೇಮ್, ಪಾಸ್‌ವರ್ಡ್ ಮೋಡೆಮ್ ಡಬ್ಬಿಯೊಳಗೆ ಇರುತ್ತೆ. ಡಬ್ಬಿಗೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಬಿಟ್ಟಿದ್ದರೆ, ಹೊರಗಿನಿಂದ ಒಳಹೊಗುವ ಬಾಗಿಲೂ ತೆರೆದಿದ್ದರೆ, ಎಲ್ಲೋ ಕೂತವನು ಆ ಅಕೌಂಟ್ ಕದಿಯಬಹುದು. ಪಾಸ್‌ವರ್ಡ್ ಕಂಪನಿ ಕಡೆಯಿಂದಲೇ ಸೋರಿರಲೂಬಹುದು. ಯಾವುದು ಅಂತ ಅವರ ಲಾಗ್ ನೋಡಿಯೇ ಹೇಳಬೇಕು.

ಇನ್ನು 40, 41, 43, 44. ಯಾರೂ ಲಾಟ್ವಿಯಾದಲ್ಲಿ ಅಕ್ಕಪಕ್ಕದ ನಂಬರಿನ ನಾಲ್ಕು ನೆಂಟರನ್ನು ಇಟ್ಟುಕೊಂಡಿರಲ್ಲ. ಇದು ಸಾಲಾಗಿ ಬಾಡಿಗೆಗೆ ತೆಗೆದುಕೊಂಡ ನಂಬರ್‌ಗಳು. ನಿಮ್ಮ ಕಂಪನಿ ಆ ಕಡೆಯ ಕಂಪನಿಗೆ ನಿಮಿಷಕ್ಕೆ ಇಷ್ಟು ಅಂತ ಕೊಡಬೇಕು. ಆ ಕಡೆಯವರು ಅದರಲ್ಲಿ ಪಾಲನ್ನು ನಂಬರ್ ಹಿಡಿದವನಿಗೆ ಕೊಡುತ್ತಾರೆ. ಫೋನಿನ ಆ ತುದಿಯಲ್ಲಿ ಮನುಷ್ಯ ಇರಬೇಕಾಗೂ ಇಲ್ಲ, ನಿಮಿಷ ಓಡಿದರೆ ಸಾಕು. ರಾತ್ರಿ ಎರಡು ಗಂಟೆ ಯಾಕೆ ಅಂದರೆ ಆಗ ಯಾರೂ ನೋಡುತ್ತಿರುವುದಿಲ್ಲ.

ಈಗ ಮಾಡಬೇಕಾದ್ದು. ಇವತ್ತೇ ಕಂಪನಿಗೆ ಹೇಳಿ ಐಎಸ್‌ಡಿ ಬಂದ್ ಮಾಡಿಸಿ, ಅವರ ಕಡೆಯಿಂದಲೇ. ಫೋನಿಗೆ ಹಾಕುವ ಬೀಗ ಇಲ್ಲಿ ಕೆಲಸಕ್ಕೆ ಬರಲ್ಲ, ಕಳ್ಳ ನಿಮ್ಮ ಫೋನ್ ಮುಟ್ಟಿಯೇ ಇಲ್ಲ. ಫೋನ್ ಅಕೌಂಟಿನ ಪಾಸ್‌ವರ್ಡ್ (ವಾಯ್ಸ್ ಪಾಸ್‌ವರ್ಡ್) ಬದಲಾಯಿಸಲು ಹೇಳಿ. ಮೋಡೆಮ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ಒಳಬರುವ ಸೌಲಭ್ಯ ಮುಚ್ಚಿಸಿ. ಬಾಯಲ್ಲಿ ಹೇಳಿ ಬಿಡಬೇಡಿ. ದೂರು ಕೊಟ್ಟು ಡಾಕೆಟ್ ನಂಬರ್ ಬರೆದುಕೊಳ್ಳಿ. ದೂರಿನಲ್ಲಿ ಮೊದಲ ವಾಕ್ಯವೇ 'ಒಂದೇ ಲೈನಿನಲ್ಲಿ ಒಂದೇ ಹೊತ್ತಿಗೆ ನಾಲ್ಕು ಕರೆ' ಅಂತಿರಲಿ. ತಕರಾರಿನ ಮೊತ್ತ ತಡೆಹಿಡಿಯಲು ಬರೆದು ಕೇಳಿ, ಮಾಮೂಲಿ 471 ಕಟ್ಟಲು ಸಿದ್ಧ ಅಂತ ತಿಳಿಸಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ದೂರು ಕೊಡಿ.

ಅಡಿಕೆ ತೋಟ: ಇದೆಲ್ಲ ಸರಿ. ಆದರೆ ಕಾನ್ಫರೆನ್ಸ್ ಕಾಲ್ ಅಂತ ಇರುತ್ತಲ್ಲ ಸಾರ್? ಒಂದೇ ಫೋನಿನಿಂದ ಇಬ್ಬರಿಗೆ ಮಾಡಬಹುದು. ಕೆಲಸದವರನ್ನ ಅಷ್ಟು ಬೇಗ ಬಿಟ್ಟುಕೊಡಬೇಡಿ.

ಹಳೇ ಎಕ್ಸ್‌ಚೇಂಜ್: ಇಬ್ಬರಿಗೆ ಮಾಡಬಹುದು, ಒಪ್ಪಿದೆ. ಇಲ್ಲಿ ಒಂದೂಕಾಲು ನಿಮಿಷದಲ್ಲಿ ನಾಲ್ಕು ಕರೆ ಹೋಗಿ ನಾಲ್ಕೂ ನಡೆಯುತ್ತಿವೆ. ಮುಂದಿನ ಸಾಲುಗಳಲ್ಲಿ ಇನ್ನೂ ಜಾಸ್ತಿ ಇರುತ್ತೆ, ಎಣಿಸಿ ನೋಡಿ.

ಮಂಡ್ಯ ಹೈದ: ಅಡಿಕೆ ತೋಟ ಅಣ್ಣ, ಬಡವರ ಮನೆ ಹುಡುಗಿ ಅಂದ ಕೂಡಲೇ ಕಳ್ಳಿನಾ? ನಮ್ಮಮ್ಮನೂ ನಾಲ್ಕು ಮನೆ ಕೆಲಸ ಮಾಡಿ ನಮ್ಮನ್ನ ಓದಿಸಿದ್ದು.

ಅಡಿಕೆ ತೋಟ: ನಾನು ಕಳ್ಳಿ ಅಂದಿಲ್ಲ. ವಿಚಾರಿಸಬಾರದು ಅಂದರೆ ಹೇಗೆ?

ನಾಗರಬಾವಿ ಆಂಟಿ: ವಿಚಾರಿಸೋದು ಬೇರೆ, ಅಳಿಸೋದು ಬೇರೆ.

ದಾವಣಗೆರೆ ಬೆಣ್ಣೆ: ಫೈಬರ್ ಬೈದಿದ್ದು ಸಾಕು. ತಾಮ್ರದ ಕಾಲದಲ್ಲಿ ಲೈನ್‌ಮನ್‌ಗಳೇ ನಮ್ಮ ಲೈನಿಗೆ ಕ್ಲಿಪ್ ಹಾಕಿ ಊರವರಿಗೆಲ್ಲ ದುಬೈಗೆ ಮಾತಾಡಿಸುತ್ತಿದ್ದರು. ಸರ್ ಅದನ್ನೂ ಹೇಳಲಿ.

ಹಳೇ ಎಕ್ಸ್‌ಚೇಂಜ್: ಹೇಳುತ್ತೇನೆ. ಅಂಥವರು ಇದ್ದರು. ಮಳೆಯಲ್ಲಿ ಕಂಬ ಹತ್ತಿ ಲೈನ್ ಸರಿ ಮಾಡಿದವರೂ ಇದ್ದರು, ಅವರ ಬಗ್ಗೆ ಯಾರೂ ಪೋಸ್ಟ್ ಹಾಕಲ್ಲ. ಇನ್ನೊಂದು ಕೇಳಿ. 2003ರ ಸುಮಾರಿಗೆ ಒಬ್ಬ ವಕೀಲರ ಮನೆಗೆ ಹೀಗೇ ಐಎಸ್‌ಡಿ ಬಿಲ್ ಬಂತು. ಅವರು ನಮ್ಮ ಲೈನ್‌ಮನ್ ಮೇಲೆ ದೂರು ಕೊಟ್ಟರು. ಹೋಗಿ ನೋಡಿದರೆ ಮಗನ ಕಂಪ್ಯೂಟರಿನಲ್ಲಿ 'ಡಯಲರ್' ಅನ್ನೋ ಪುಂಡ ಪ್ರೋಗ್ರಾಂ ಕೂತಿತ್ತು. ಡಯಲ್-ಅಪ್ ಕರೆ ಕಟ್ ಮಾಡಿ ತಾನೇ ವಿದೇಶಕ್ಕೆ ತಿರುಗಿಸುತ್ತಿತ್ತು. ಮೋಡೆಮ್ ರಾತ್ರಿ ಕಿರ್ರ್ ಅಂದಿದ್ದನ್ನು ಅವರ ಹೆಂಡತಿ ಕೇಳಿಸಿಕೊಂಡಿದ್ದರು, ಇಲಿ ಅಂದುಕೊಂಡರಂತೆ.

ದಾವಣಗೆರೆ ಬೆಣ್ಣೆ: ಕಥೆ ಚೆನ್ನಾಗಿದೆ. ನಮ್ಮ ದುಡ್ಡು ವಾಪಸ್ ಬರಲಿಲ್ಲ.

ಸುಪ್ರಭಾತ ಗೆಳೆಯರು: 🙏 ಬಿಲ್ ಜಾಸ್ತಿ ಬಂದರೆ *401* ಒತ್ತಿ ಈ ಕೆಳಗಿನ ನಂಬರ್ ಡಯಲ್ ಮಾಡಿ, ಎಲ್ಲ ಪ್ರೀಮಿಯಂ ಸೇವೆ ಬಂದ್ ಆಗುತ್ತದೆ 🙏

ಹಳೇ ಎಕ್ಸ್‌ಚೇಂಜ್: ಅಡ್ಮಿನ್, ಇದನ್ನು ಈಗಲೇ ಅಳಿಸಿ. *401* ಒತ್ತಿ ಒಂದು ನಂಬರ್ ಹಾಕಿದರೆ ನಿಮ್ಮ ಮೊಬೈಲಿಗೆ ಬರುವ ಕರೆಗಳೆಲ್ಲ ಆ ನಂಬರಿಗೆ ಹೋಗುತ್ತವೆ. ಫೋನಿನಲ್ಲಿ ಓದಿ ಹೇಳುವ ಒಟಿಪಿ ಕೂಡ. ಈ ಕಾಟಕ್ಕೇ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಇಂಥ ಕೋಡ್ ಒತ್ತಿ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಲು ಕಂಪನಿಗಳಿಗೆ ಹೇಳಿತು. ನೀವು ಓದಿ ಕಳಿಸುತ್ತೀರೋ, ಕಣ್ಣು ಮುಚ್ಚಿ ಕಳಿಸುತ್ತೀರೋ? ಮೊಬೈಲಿನಲ್ಲಿ ಹಾಡು, ಜಾತಕ, ಜೋಕ್ ಅಂತ ದುಡ್ಡು ಕಟ್ಟಾಗುತ್ತಿದ್ದರೆ 155223 ಇದೆ, ಅದಕ್ಕೆ ದುಡ್ಡಿಲ್ಲ. ನೀವು ಎರಡು ಸಲ ಒಪ್ಪಿಗೆ ಕೊಡದೆ ಅಂಥ ಸೇವೆ ಶುರು ಮಾಡಬಾರದು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2013ರಲ್ಲೇ ಹೇಳಿದೆ.

ಸುಪ್ರಭಾತ ಗೆಳೆಯರು: ಒಳ್ಳೆಯ ಉದ್ದೇಶದಿಂದ ಹಾಕಿದ್ದು ಸರ್. ಬಂದಿದ್ದನ್ನು ಕಳಿಸಿದೆ.

ನಾಗರಬಾವಿ ಆಂಟಿ: ಬಂದಿದ್ದನ್ನೆಲ್ಲ ಕಳಿಸೋಕೆ ನೀವೇನು ಅಂಚೆಯಣ್ಣನಾ?

ಮೈಸೂರು ಅಜ್ಜ: ಕಾರ್ಡ್‌ಲೆಸ್ ಬ್ಯಾಟರಿ ಸಾರ್?

ಕೋಲಾರ ಟೊಮೆಟೊ: ಕಂಪನಿ ದೂರು ಕೇಳದಿದ್ದರೆ ಟ್ರಾಯ್‌ಗೆ ಬರೆಯಬಹುದಾ?

ಹಳೇ ಎಕ್ಸ್‌ಚೇಂಜ್: ಒಬ್ಬೊಬ್ಬರ ದೂರನ್ನು ಟ್ರಾಯ್ ವಿಚಾರಣೆ ಮಾಡಲ್ಲ. ಕಂಪನಿಯಲ್ಲೇ ಮೇಲ್ಮನವಿ ಪ್ರಾಧಿಕಾರ ಅಂತ ಇದೆ. 30 ದಿನದೊಳಗೆ ಅಲ್ಲಿಗೆ ಹೋಗಿ, 39 ದಿನದಲ್ಲಿ ತೀರ್ಮಾನ ಕೊಡಬೇಕು. ಆಗಲೂ ಆಗದಿದ್ದರೆ ಗ್ರಾಹಕರ ಆಯೋಗ. ಟೆಲಿಫೋನ್ ತಕರಾರು ಅಲ್ಲಿ ನಡೆಯಲ್ಲ ಅನ್ನುವವರಿಗೆ 2022ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ, ನಡೆಯುತ್ತೆ.

ಹಾಸನ ಹುಡುಗಿ: ಸರ್ 1860...

ಹಳೇ ಎಕ್ಸ್‌ಚೇಂಜ್: ಇಲ್ಲ.

ಸಾಗರದ ಮಗಳು: ಸರ್, ಡಾಕೆಟ್ ನಂಬರ್ ಸಿಕ್ಕಿತು. ಐಎಸ್‌ಡಿ ಬಂದ್ ಮಾಡಿದ್ದೇವೆ ಅಂದರು. ಪಾಸ್‌ವರ್ಡ್ ಬದಲಿಸೋಕೆ ನಾಳೆ ಹುಡುಗ ಬರುತ್ತಾನಂತೆ. ತುಂಬಾ ಥ್ಯಾಂಕ್ಸ್. ಮತ್ತೆ ಅಣ್ಣಾ, ಬೇರೆ ಹೆಸರಿಟ್ಟುಕೊಂಡು ಇಲ್ಲಿ ವಾದ ಮಾಡೋದು ಬೇಡ. ಅಡಿಕೆ ತೋಟ ಯಾರದು ಅಂತ ನನಗೆ ಗೊತ್ತು.

ಮಂಡ್ಯ ಹೈದ: ಅಯ್ಯೋ ದೇವರೇ.

ಅಡಿಕೆ ತೋಟ: ಮನೆ ವಿಷಯ ಬೀದಿಗೆ ತಂದವಳು ನೀನು. ನಾಲ್ಕು ಸಾಲು ನೋಡಿ ನಾನು ನಂಬಲ್ಲ. ಇಡೀ ಪಟ್ಟಿ ಕಳಿಸು.

ಹಳೇ ಎಕ್ಸ್‌ಚೇಂಜ್: ಕಳಿಸಿ ಮೇಡಂ. 43 ಸಾಲು ಇದೆ, ಒಂದು ಸ್ಕೇಲ್ ಇಟ್ಟುಕೊಂಡು ಅವರೇ ಎಣಿಸಲಿ.

ಸಾಗರದ ಮಗಳು: ಕಳಿಸಿದೆ. ಅಣ್ಣಾ, ಅವರ ಮನೆಗೆ ನಾನು ಹೋಗಿದ್ದೆ. ಅವಳಮ್ಮ ಬಾಗಿಲು ತೆಗೆಯಲಿಲ್ಲ.

ಮೈಸೂರು ಅಜ್ಜ: ಬ್ಯಾಟರಿ?