ಅಪ್‌ಡೇಟ್: ಕ್ರಾಕೋವ್‌ನಲ್ಲಿ ಅಗ್ಗದ ಊಟ ಸಿಕ್ಕಿತು

ಪೋಲೆಂಡಿಗೆ ಹೊರಡುವ ಮೊದಲು ಕೇಳಿದ್ದೆ: ನಾನು ಮಾಂಸ ತಿನ್ನಲ್ಲ, ಕೈಯಲ್ಲಿ ದುಡ್ಡೂ ಕಡಿಮೆ, ಕ್ರಾಕೋವ್‌ನಲ್ಲಿ ಅಲ್ಲಿನದೇ ಊಟ ಎಲ್ಲಿ ಸಿಗುತ್ತದೆ ಅಂತ. 'ಬಾರ್ ಮ್ಲೆಚ್ನಿ ಹುಡುಕಿ' ಎಂದವರಿಗೆ ದೊಡ್ಡ ಥ್ಯಾಂಕ್ಸ್.

ಮೊದಲ ದಿನ ಆ ಮಾತು ಕೇಳದೆ ಊರ ನಡುವಿನ ದೊಡ್ಡ ಚೌಕದ ಹೋಟೆಲೊಂದಕ್ಕೆ ಹೋದೆ. ಒಂದು ಸೂಪಿಗೇ ಆ ದಿನದ ದುಡ್ಡು ಅರ್ಧ ಕರಗಿತು. ತಪ್ಪು ನನ್ನದೇ.

ಬಾರ್ ಮ್ಲೆಚ್ನಿ ಅಂದರೆ 'ಹಾಲಿನ ಬಾರ್'. ಕುಡಿಯುವ ಜಾಗ ಅಲ್ಲ, ಹೆಚ್ಚುಕಮ್ಮಿ ನಮ್ಮ ದರ್ಶಿನಿ. ಕೌಂಟರಿನಲ್ಲಿ ದುಡ್ಡು ಕೊಡಬೇಕು, ಕಿಟಕಿಯಲ್ಲಿ ತಟ್ಟೆ ತಗೊಳ್ಳಬೇಕು, ತಿಂದಮೇಲೆ ತಟ್ಟೆ ವಾಪಸ್ ಇಡಬೇಕು. ಹಾಲು, ಹಿಟ್ಟು, ತರಕಾರಿಯ ಅಡುಗೆಗೆ ಅಲ್ಲಿ ಸರ್ಕಾರದ ಸಬ್ಸಿಡಿ ಇದೆ. ಅದಕ್ಕೇ ಅಗ್ಗ, ನಮ್ಮಂಥವರಿಗೆ ಅನುಕೂಲವೂ ಹೌದು.

ನನಗೆ ಹಿಡಿಸಿದ್ದು ಪಿಯೆರೋಗಿ ರುಸ್ಕಿಯೆ. ಆಕಾರ ಕರಿಗಡುಬಿನದು, ಆದರೆ ಕರಿದದ್ದಲ್ಲ, ನೀರಲ್ಲಿ ಬೇಯಿಸಿದ್ದು. ಒಳಗೆ ಆಲೂಗಡ್ಡೆ, ಪನೀರ್ ತರದ ಚೀಸ್, ಈರುಳ್ಳಿ. ಖಾರ ಮಾತ್ರ ಸೊನ್ನೆ! ಬ್ಯಾಗಿನಲ್ಲಿದ್ದ ಚಟ್ನಿಪುಡಿಯನ್ನು ಯಾರಿಗೂ ಕಾಣದ ಹಾಗೆ ಉದುರಿಸಿಕೊಂಡೆ.

ಒಂದು ಎಚ್ಚರಿಕೆ. ಮೇಲೆ ಹುರಿದ ಹಂದಿ ಕೊಬ್ಬಿನ ಚೂರು ಹಾಕುವುದುಂಟು. 'ಬೆಜ್ ಮಿಯೆನ್ಸಾ', ಅಂದರೆ ಮಾಂಸ ಬೇಡ, ಅಂತ ಮೊದಲೇ ಹೇಳಿಬಿಡಿ. ಜುರೆಕ್ ಸೂಪಿನಲ್ಲೂ ಸಾಮಾನ್ಯವಾಗಿ ಸಾಸೇಜ್ ಇರುತ್ತದೆ.

ಬೆಳಗಿನ ತಿಂಡಿಗೆ ರಸ್ತೆಬದಿ ಗಾಡಿಯ ಒಬ್ವಾಜಾನೆಕ್ ಸಾಕಾಯಿತು. ಬಳೆಯಂಥ ಬ್ರೆಡ್, ಮೇಲೆ ಎಳ್ಳು ಅಥವಾ ಗಸಗಸೆ. ಮುಂದಿನ ಊರು ಬುಡಾಪೆಸ್ಟ್. ಅಲ್ಲಿನ ಲಾಂಗೋಶ್ ನಮ್ಮ ಪೂರಿಯ ಅಣ್ಣನಂತೆ, ಹೌದಾ?