ಲಂಡನ್ನಿನ 'ಫ್ಯಾಂಟಮ್ ಆಫ್ ದಿ ಒಪೆರಾ': ಅಪ್ಪ ಅಮ್ಮನ ಜೊತೆ ಹೋಗೋದಾದ್ರೆ ಯಾವ ಸೀಟು?

ಹಾಸನ_ಟು_ಹ್ಯಾರೋ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ, ಅಮ್ಮ ಬರ್ತಿದ್ದಾರೆ. ವೆಸ್ಟ್ ಎಂಡ್‌ನಲ್ಲಿ (ಲಂಡನ್ನಿನ ನಾಟಕಮಂದಿರಗಳ ಪ್ರದೇಶ) ಒಂದಾದ್ರೂ ದೊಡ್ಡ ಮ್ಯೂಸಿಕಲ್ ತೋರಿಸಬೇಕು ಅಂತ ಫ್ಯಾಂಟಮ್ ಆರಿಸಿದ್ದೀವಿ. ಒಟ್ಟು ಐದು ಜನ, ಅದರಲ್ಲಿ ಒಂಬತ್ತು ವರ್ಷದ ಮಗಳೂ ಸೇರಿ. ಅಪ್ಪನಿಗೆ ಕಂಪನಿ ನಾಟಕ ಅಂದ್ರೆ ಪ್ರಾಣ. ಇಂಗ್ಲಿಷ್ ಪೇಪರ್ ಓದ್ತಾರೆ, ಆದ್ರೆ ಹಾಡಿನಲ್ಲಿ ಬಂದ್ರೆ ಹಿಡಿಯೋದು ಕಷ್ಟ. ಅಮ್ಮನಿಗೆ ಮಂಡಿನೋವು. ಬುಕಿಂಗ್ ಪುಟ ತೆರೆದ್ರೆ ಕೆಳಗಿಂದ ಮೇಲಕ್ಕೆ ಸ್ಟಾಲ್ಸ್, ರಾಯಲ್ ಸರ್ಕಲ್, ಗ್ರ್ಯಾಂಡ್ ಸರ್ಕಲ್, ಬಾಲ್ಕನಿ ಅಂತ ನಾಲ್ಕು ಅಂತಸ್ತು, ಪಕ್ಕಪಕ್ಕದ ಸೀಟಿಗೂ ಬೇರೆ ಬೇರೆ ರೇಟು. ದುಬಾರಿ ಸೀಟೇ ಒಳ್ಳೇ ಸೀಟಾ? ಆ ತೂಗುದೀಪ ಬೀಳೋದು ಎಲ್ಲಿಂದ ಚೆನ್ನಾಗಿ ಕಾಣುತ್ತೆ? ಮಗಳು ಹೆದರ್ತಾಳಾ? ಕಥೆ ಮೊದಲೇ ಹೇಳಿ ಕರ್ಕೊಂಡು ಹೋಗಬೇಕಾ?

ರಂಗಸಜ್ಜಿಕೆ:

ಈ ನಾಟಕದ ಚಮತ್ಕಾರಗಳು ಮೂರು ಎತ್ತರದಲ್ಲಿ ನಡೆಯುತ್ತವೆ. ಸೀಟು ಆರಿಸುವಾಗ ನೋಡಬೇಕಾದದ್ದು ಇದೊಂದೇ.

ಮೊದಲನೆಯದು ನೆಲ. ನೆಲಮಾಳಿಗೆಯ ಸರೋವರದ ದೃಶ್ಯದಲ್ಲಿ ರಂಗದ ಹಲಗೆಯ ಸೀಳುಗಳಿಂದ ಮೇಣದಬತ್ತಿಯ ಸಾಲು ಮೇಲೇಳುತ್ತದೆ, ಅದರ ಸುತ್ತ ಮಂಜು, ನಡುವೆ ದೋಣಿ. ಎರಡನೆಯದು ಕಣ್ಣೆತ್ತರ, ಅಲ್ಲಿ ಅಭಿನಯ. ಮೂರನೆಯದು ರಂಗದ ಚೌಕಟ್ಟಿನ ತುದಿ ಮತ್ತು ಸಭಾಂಗಣದ ಚಾವಣಿ: ಮೊದಲ ಅಂಕದ ಕೊನೆಯಲ್ಲಿ ಫ್ಯಾಂಟಮ್ (ಒಪೆರಾ ಮನೆಯ ನೆಲಮಾಳಿಗೆಯಲ್ಲಿ ಅಡಗಿರುವ ಮುಖವಾಡದ ಮನುಷ್ಯ) ಕಾಣಿಸಿಕೊಳ್ಳುವುದು ಮೇಲುಗಡೆ, ತೂಗುದೀಪ ಇರುವುದೂ ಮೇಲುಗಡೆ.

ಮೂರೂ ಒಟ್ಟಿಗೆ ಕಾಣುವುದು ರಾಯಲ್ ಸರ್ಕಲ್‌ನ ಮುಂದಿನ ಸಾಲುಗಳ ನಡುಭಾಗದಿಂದ. ಸ್ಟಾಲ್ಸ್‌ನ ಮೊದಲೆರಡು ಸಾಲಿನಲ್ಲಿ ಕಣ್ಣು ಹೆಚ್ಚುಕಡಿಮೆ ರಂಗದ ನೆಲದ ಮಟ್ಟಕ್ಕೇ ಬರುವುದರಿಂದ ಬತ್ತಿಗಳು ಏಳುವುದು ಗೊತ್ತಾಗುತ್ತದೆ, ಎಲ್ಲಿಂದ ಏಳುತ್ತವೆ ಎಂಬುದು ಗೊತ್ತಾಗುವುದಿಲ್ಲ. ಸ್ಟಾಲ್ಸ್‌ನ ಹಿಂದಿನ ಸಾಲುಗಳದ್ದು ಇದಕ್ಕಿಂತ ದೊಡ್ಡ ತೊಂದರೆ. ಮೇಲಿನ ಅಂತಸ್ತು ತಲೆಯ ಮೇಲೆ ಸೂರಿನ ಹಾಗೆ ಚಾಚಿಕೊಂಡಿರುತ್ತದೆ, ಚಿತ್ರದ ಮೇಲಿನ ಭಾಗವೇ ಕತ್ತರಿಸಿಹೋಗುತ್ತದೆ. ಸ್ಟಾಲ್ಸ್ ಅಂದ ಮಾತ್ರಕ್ಕೆ ಹಿಂದಿನ ಸಾಲಿಗೆ ದುಡ್ಡು ಸುರಿಯಬೇಡಿ. ಅದಕ್ಕಿಂತ ಗ್ರ್ಯಾಂಡ್ ಸರ್ಕಲ್‌ನ ಮುಂಭಾಗ ಎಷ್ಟೋ ವಾಸಿ. ಮುಖ ಚಿಕ್ಕದಾಗಿ ಕಾಣುತ್ತದೆ, ಆದರೆ ಚೌಕಟ್ಟು ಪೂರ್ತಿ ಸಿಗುತ್ತದೆ. ಬಾಲ್ಕನಿ ಕಡಿದಾದ ಇಳಿಜಾರು. ಮಂಡಿನೋವಿನವರಿಗೆ ಹತ್ತುವುದಲ್ಲ, ಕತ್ತಲಲ್ಲಿ ಇಳಿಯುವುದೇ ಕಷ್ಟ.

ಇನ್ನೊಂದು, ತೀರಾ ಪಕ್ಕದ ಸೀಟು ಬೇಡ. ಕನ್ನಡಿಯ ದೃಶ್ಯ, ಮ್ಯಾನೇಜರ್‌ಗಳ ಕೋಣೆ ಇವೆಲ್ಲ ಒಂದೊಂದು ಬದಿಗೆ ಒತ್ತಿಕೊಂಡೇ ನಡೆಯುತ್ತವೆ, ಅದೇ ಬದಿಯ ತುದಿಯಲ್ಲಿ ಕೂತವರಿಗೆ ಅರ್ಧ ಕಾಣುವುದಿಲ್ಲ. ಬೆಲೆ ಕಡಿಮೆ ಇದ್ದು 'ರಿಸ್ಟ್ರಿಕ್ಟೆಡ್ ವ್ಯೂ' ಎಂದು ಬರೆದಿದ್ದರೆ ಅದು ಸುಮ್ಮನೆ ಬರೆದದ್ದಲ್ಲ.

ಸ್ವರಲಿಪಿ:

ರಾಯಲ್ ಸರ್ಕಲ್ ಸರಿ, ಆದ್ರೆ ಮಗುವಿಗೆ ಅಂತ ಕೇಳಿದ್ರೆ ನನ್ನ ಓಟು ಸ್ಟಾಲ್ಸ್‌ನ ಮುಂದಿನ ನಡುಭಾಗಕ್ಕೇ. ತೂಗುದೀಪ ನೇರ ಕೆಳಗೆ ಬೀಳಲ್ಲ. ಚಾವಣಿಯಿಂದ ಓರೆಯಾಗಿ, ಸ್ಟಾಲ್ಸ್‌ನವರ ತಲೆ ಮೇಲಿಂದ ಹಾದು ರಂಗದ ಕಡೆಗೆ ಬರುತ್ತೆ. ಸರ್ಕಲ್‌ನಲ್ಲಿ ಕೂತ್ರೆ ಅದನ್ನ ನೋಡ್ತೀರಿ, ಸ್ಟಾಲ್ಸ್‌ನಲ್ಲಿ ಕೂತ್ರೆ ತಲೆ ತಗ್ಗಿಸ್ತೀರಿ. ಎರಡೂ ಒಂದೇ ಅಲ್ಲ! ಸ್ಟಾಲ್ಸ್‌ನಲ್ಲಿ ಮುಂದೆ ಎತ್ತರದವರು ಕೂತ್ರೆ ಮಗುವಿಗೆ ಬೂಸ್ಟರ್ ಮೆತ್ತೆ ಕೇಳಿ ತಗೊಳ್ಳಿ. ಬೇಗ ಹೋದವರಿಗೆ ಸಿಗುತ್ತೆ.

ಹೆದರಿಕೆ ವಿಷಯಕ್ಕೆ ನಾಲ್ಕು ಜಾಗ ಮೊದಲೇ ಹೇಳಿಡಿ. ಮೊದಲ ಅಂಕದಲ್ಲಿ ಬ್ಯಾಲೆ ನಡೀತಿರುವಾಗ ಮೇಲಿಂದ ನೇತಾಡುವ ಹೆಣ ಬೀಳುತ್ತೆ. ಆಮೇಲೆ ತೂಗುದೀಪ. ಎರಡನೇ ಅಂಕದ ಸ್ಮಶಾನದಲ್ಲಿ ಬೆಂಕಿಯುಂಡೆ, ಅದಾದ ಮೇಲೆ ಒಂದು ಗುಂಡಿನ ಸದ್ದು. ಇದರಲ್ಲಿ ಗುಂಡಿನ ಸದ್ದೇ ಹೆಚ್ಚು ಬೆಚ್ಚಿಬೀಳಿಸೋದು, ಯಾಕಂದ್ರೆ ಅದಕ್ಕೆ ಸಂಗೀತದ ಮುನ್ಸೂಚನೆ ಇಲ್ಲ. ಒಂಬತ್ತು ವರ್ಷಕ್ಕೆ ತೊಂದರೆ ಇಲ್ಲ. ತೀರಾ ಪುಟ್ಟ ಮಕ್ಕಳನ್ನ ಒಳಗೆ ಬಿಡೋದೂ ಇಲ್ಲ.

ಇನ್ನು ಸಂಗೀತ. 2021ರ ಜುಲೈನಲ್ಲಿ ಕೋವಿಡ್ ನಂತರ ಮತ್ತೆ ಶುರುವಾದಾಗ ವಾದ್ಯವೃಂದವನ್ನ 27ರಿಂದ 14 ಜನಕ್ಕೆ ಇಳಿಸಿದ್ರು. ಆಗ ಇದಕ್ಕೆ ದೊಡ್ಡ ಜಗಳವೇ ಆಗಿತ್ತು. ಪಿಟೀಲಿನ ಗುಂಪು ತುಂಬಿ ಬರಬೇಕಾದ ಕಡೆ ಕೀಬೋರ್ಡ್ ಕೈಕೊಡುತ್ತೆ, ಅಂದ್ರೆ ಸಹಾಯಕ್ಕೆ ಬರುತ್ತೆ (ಎರಡರ್ಥವೂ ಇರಲಿ). 1987ರ ಲಂಡನ್ ಧ್ವನಿಮುದ್ರಣ ಕೇಳಿ ಹೋದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತೆ.

ಅಪ್ಪನಿಗೆ ಮುಖ್ಯ ರಾಗ ಹಿಡಿಸಬೇಕಂದ್ರೆ ಹಾರ್ಮೋನಿಯಂನಲ್ಲಿ ತೋರಿಸಿ: ಕಪ್ಪು, ಬಿಳಿ ಯಾವುದನ್ನೂ ಬಿಡದೆ ಸಾಲಾಗಿ ಐದು ಕೀ ಇಳಿದು, ಹಾಗೇ ಹತ್ತಿ. ನಮ್ಮ ಯಾವ ರಾಗವೂ ಹಾಗೆ ನಡೆಯಲ್ಲ, ಅದಕ್ಕೇ ನಮ್ಮ ಕಿವಿಗೆ ಅದು ಮೊದಲ ಸಲಕ್ಕೇ ವಿಲಕ್ಷಣ ಅನ್ನಿಸೋದು.

ಪರದೆ_ಹಿಂದೆ:

ಕಂಪನಿ ನಾಟಕದ ಪ್ರೇಕ್ಷಕರಿಗೆ ಟ್ರಿಕ್ ಸೀನ್ ಹೇಗಾಗುತ್ತೆ ಅಂತ ತಿಳಿದ್ರೆ ಖುಷಿ ಕಡಿಮೆಯಾಗಲ್ಲ, ಹೆಚ್ಚಾಗುತ್ತೆ. ಆ ಧೈರ್ಯದಿಂದ ಬರೀತಿದ್ದೀನಿ. ಬೇಡದವರು ಮುಂದಕ್ಕೆ ಹೋಗಿ.

ಮಂಜು ಅಂದ್ರೆ ಡ್ರೈ ಐಸ್. ಘನರೂಪದ ಇಂಗಾಲದ ಡೈಆಕ್ಸೈಡನ್ನ ಬಿಸಿನೀರಿಗೆ ಇಳಿಸಿದ್ರೆ ತಣ್ಣನೆಯ ಅನಿಲ ಗಾಳಿಯಲ್ಲಿರೋ ತೇವವನ್ನ ಮಂಜು ಮಾಡುತ್ತೆ. ಅದು ಗಾಳಿಗಿಂತ ಭಾರ, ಹಾಗಾಗಿ ನೆಲಕ್ಕೇ ಅಂಟಿಕೊಂಡು ನೀರಿನ ಹಾಗೆ ಹರಿಯುತ್ತೆ. ಹೊಗೆ ಯಂತ್ರದ ಹೊಗೆ ಹೀಗೆ ಮಾಡಲ್ಲ, ಮೇಲೇರಿ ದೀಪದ ಬೆಳಕಿನ ಕಂಬಗಳನ್ನ ತೋರಿಸುತ್ತೆ. ನಾಟಕದಲ್ಲಿ ಎರಡೂ ಇವೆ. ಪ್ರಚಾರದ ಲೆಕ್ಕದ ಪ್ರಕಾರ ಒಂದು ಪ್ರದರ್ಶನಕ್ಕೆ 250 ಕಿಲೋ ಡ್ರೈ ಐಸ್, 281 ಮೇಣದಬತ್ತಿ, 230 ಉಡುಪು, 22 ದೃಶ್ಯ ಬದಲಾವಣೆ. ನೆಲಕ್ಕೆ ಅಂಟಿದ ಮಂಜು ಮುಂದಕ್ಕೆ ಹರಿದು ವಾದ್ಯದವರ ಹಳ್ಳಕ್ಕೆ ಸುರಿಯುತ್ತೆ, ಮೊದಲ ಸಾಲಿನವರ ಕಾಲೂ ತಣ್ಣಗಾದೀತು. ಒಂದು ತೆಳ್ಳನೆ ಶಾಲು ಇರಲಿ.

ದೋಣಿಗೆ ಹಗ್ಗ, ಹಳಿ ಇಲ್ಲ, ರೇಡಿಯೋ ಕಂಟ್ರೋಲ್. ದೋಣಿಗಿಂತ ಮುಂಚೆ ಫ್ಯಾಂಟಮ್ ನಾಯಕಿ, ಗಾಯಕಿ ಕ್ರಿಸ್ಟೀನಳನ್ನ ಕರ್ಕೊಂಡು ಒಂದು ಓರೆ ಸೇತುವೆ ಮೇಲೆ ಆ ಕಡೆಯಿಂದ ಈ ಕಡೆಗೆ ಇಳೀತಾ ಹೋಗ್ತಾನೆ. ಸೇತುವೆ ಒಂದೇ, ಪ್ರತಿ ಸಲ ಅದರ ಓರೆ ಬದಲಾಗುತ್ತೆ. ಮೇಲೆ ಕಾಣಿಸಿದ ಜೋಡಿ ಅರೆಕ್ಷಣದಲ್ಲಿ ಕೆಳಗೆ ಕಾಣಿಸುತ್ತೆ ಅಂದ್ರೆ ಅದರಲ್ಲಿ ಒಂದು ಜೋಡಿ ಡೂಪು. ಅದೇ ವೇಷ, ಬೆನ್ನು ನಮ್ಮ ಕಡೆ. ಏಳೆಂಟು ಅಂತಸ್ತು ಇಳಿದ ಹಾಗೆ ಅನ್ನಿಸೋದು ಇದರಿಂದಲೇ.

'ಮಾಸ್ಕರೇಡ್' ದೃಶ್ಯದ ಮಹಾಮೆಟ್ಟಿಲ ಮೇಲೆ ನಿಂತವರೆಲ್ಲ ಮನುಷ್ಯರಲ್ಲ, ನಡುನಡುವೆ ವೇಷ ತೊಡಿಸಿದ ಬೊಂಬೆಗಳಿವೆ. ಅಲುಗದವರನ್ನ ಹುಡುಕಲಿ ಅಂತ ಮಗಳಿಗೆ ಕೆಲಸ ಕೊಡಿ. ಈ ವೈಭವವೆಲ್ಲ ವಿನ್ಯಾಸಕಿ ಮರಿಯಾ ಬ್ಯೋರ್ನ್‌ಸನ್ ಅವರದ್ದು, ಆದ್ರೆ ಗಮನಿಸಿ ನೋಡಿದ್ರೆ ಹೆಚ್ಚಿನ ದೃಶ್ಯಗಳಲ್ಲಿ ಗೋಡೆಯೇ ಇಲ್ಲ. ಕಪ್ಪು ಹಿನ್ನೆಲೆ, ಭಾರೀ ಪರದೆ, ಒಂದೆರಡು ಸಾಮಾನು, ಅಷ್ಟೇ. ಉಳಿದದ್ದನ್ನ ಕತ್ತಲು ಮಾಡುತ್ತೆ. ದುಡ್ಡು ಸುರಿದಿರೋದು ಬಟ್ಟೆಗೆ, ಮರಕ್ಕಲ್ಲ.

ತಪ್ಪು ಆಗೋದೂ ಉಂಟು. ಇಷ್ಟು ಯಂತ್ರ ಇರುವ ನಾಟಕದಲ್ಲಿ ಮೋಟಾರು ತನ್ನ ಜಾಗ ತಲುಪಿಲ್ಲ ಅಂತ ಕಂಪ್ಯೂಟರ್‌ಗೆ ಅನ್ನಿಸಿದ್ರೆ ಅದು ಮುಂದಿನ ಚಲನೆಗೆ ಬಿಡಲ್ಲ. ಪರದೆ ಇಳಿದು ಘೋಷಣೆ ಬರುತ್ತೆ, ಸರಿ ಮಾಡಿ ಮುಂದುವರಿಸ್ತಾರೆ. ತಲೆ ಮೇಲೆ ಅಷ್ಟು ಭಾರ ತೂಗುವಾಗ ಹಾಗೆ ನಿಲ್ಲಿಸೋದೇ ಸರಿ. ಪ್ಯಾರಿಸ್ಸಿನ ಪಲೇ ಗಾರ್ನಿಯೆ ಒಪೆರಾದಲ್ಲಿ 1896ರಲ್ಲಿ ತೂಗುದೀಪದ ಪ್ರತಿಭಾರ ಬಿದ್ದು ಒಬ್ಬ ಹೆಂಗಸು ನಿಜವಾಗಿಯೂ ಸತ್ತಿದ್ರು. ಈ ನಾಟಕಕ್ಕೆ ಮೂಲವಾದ ಗ್ಯಾಸ್ತೋನ್ ಲೆರೂ ಕಾದಂಬರಿಗೆ ಬೀಜ ಅದೇ. ಕಟ್ಟಡದ ಕೆಳಗೆ ನೀರು ಇರೋದೂ ನಿಜ, ಸರೋವರ ಅಲ್ಲ, ತೊಟ್ಟಿ.

ಹಾಸನ_ಟು_ಹ್ಯಾರೋ:

ಅಬ್ಬ, ತುಂಬಾ ಥ್ಯಾಂಕ್ಸ್. ಬೊಂಬೆ ಹುಡುಕೋ ಕೆಲಸ ಮಗಳಿಗೆ ಈಗಲೇ ಹೇಳಿಬಿಟ್ಟೆ. ಭಾಷೆ ವಿಷಯ ಯಾರೂ ಹೇಳಲಿಲ್ಲ. ಮತ್ತೆ, 2025ರ ಮಾರ್ಚ್‌ನಲ್ಲಿ ಮುಂಬಯಿಯ ಎನ್‌ಎಂಎಸಿಸಿಗೆ (ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರ) ಬಂದಿದ್ದನ್ನ ಅಣ್ಣ ನೋಡಿದ್ದಾನೆ, "ಅದೇ ಅಲ್ವಾ ಇದೂ" ಅಂತಾನೆ. ಅಮ್ಮನನ್ನ ನಮ್ಮ ಮನೆ ಇರೋ ಹ್ಯಾರೋದಿಂದ ಕರ್ಕೊಂಡು ಹೋಗೋದು ಹೇಗೆ?

ರಂಗಸಜ್ಜಿಕೆ:

ಮುಂಬಯಿಗೆ ಬಂದದ್ದು ಊರೂರು ಸುತ್ತುವ ಪ್ರವಾಸಿ ನಿರ್ಮಾಣ, ಅದೂ ಸುಮಾರು 2,000 ಸೀಟಿನ ಸಭಾಂಗಣದಲ್ಲಿ. ನೀವು ಹೋಗುವ, ಹೇಮಾರ್ಕೆಟ್ ರಸ್ತೆಯ ಹಿಸ್ ಮೆಜೆಸ್ಟಿಸ್ ಥಿಯೇಟರ್ 1897ರದ್ದು, ಸುಮಾರು 1,200 ಸೀಟು. ನಾಟಕ 1986ರ ಅಕ್ಟೋಬರ್ 9ರಂದು ಮೊದಲು ತೆರೆಕಂಡದ್ದು ಇಲ್ಲೇ. ಕಟ್ಟಡವೂ ಕಥೆಯ ಕಾಲದ ಹತ್ತಿರದ್ದೇ ಆದ್ದರಿಂದ ಚಿನ್ನದ ಕೆತ್ತನೆಯಲ್ಲಿ ಥಿಯೇಟರಿನದ್ದು ಎಲ್ಲಿಗೆ ಮುಗಿಯಿತು, ಸೆಟ್ಟಿನದ್ದು ಎಲ್ಲಿಂದ ಶುರು ಎಂಬುದು ತಿಳಿಯುವುದಿಲ್ಲ. ಹೊಸ ಸಭಾಂಗಣದಲ್ಲಿ ಈ ಗೊಂದಲ ಹುಟ್ಟುವುದಿಲ್ಲ.

ಅಪ್ಪನವರಿಗೆ ಒಂದು ವಿಷಯ. ಈ ಥಿಯೇಟರ್ ಕಟ್ಟಿಸಿದ ನಟ ಹರ್ಬರ್ಟ್ ಬೀರ್‌ಬೋಮ್ ಟ್ರೀ, ಶೇಕ್ಸ್‌ಪಿಯರ್ ನಾಟಕದ ಕಾಡಿನ ದೃಶ್ಯಕ್ಕೆ ಜೀವಂತ ಮೊಲಗಳನ್ನು ರಂಗಕ್ಕೆ ಬಿಟ್ಟವರು. ನಮ್ಮ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆ ತಂದರು. ಫ್ಯಾಂಟಮ್‌ನ ಮೊದಲ ಭಾಗದಲ್ಲೂ ಒಂದು ಆನೆ ಬರುತ್ತದೆ. ಅದು ಬೊಂಬೆ ಆನೆ, ಒಳಗೆ ಆಳುಗಳು ಕೂತಿದ್ದಾರೆ ಎಂಬುದನ್ನು ನಾಟಕವೇ ತಮಾಷೆಗೆ ಬಿಟ್ಟುಕೊಡುತ್ತದೆ. ಅಲ್ಲಿ ಅಪ್ಪ ನಗದಿದ್ದರೆ ಕೇಳಿ.

ಸ್ವರಲಿಪಿ:

ಭಾಷೆಗೆ: 'ನೋಟ್ಸ್', 'ಪ್ರೈಮಡೋನ' ದೃಶ್ಯಗಳಲ್ಲಿ ಆರೇಳು ಜನ ಒಟ್ಟಿಗೆ ಬೇರೆ ಬೇರೆ ಮಾತು ಹಾಡ್ತಾರೆ. ಇಂಗ್ಲಿಷ್ ಮನೆಮಾತಿನವರಿಗೂ ಅಲ್ಲಿ ಪೂರ್ತಿ ಕೇಳಿಸಲ್ಲ. ಅಲ್ಲಿ ತಿಳಿಯಬೇಕಾದದ್ದು ಇಷ್ಟೇ: ಎಲ್ಲರಿಗೂ ಫ್ಯಾಂಟಮ್‌ನಿಂದ ಕಾಗದ ಬಂದಿದೆ, ಎಲ್ಲರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸ್ತಿದ್ದಾರೆ.

ಅದಕ್ಕಿಂತ ಗೊಂದಲ ಮಾಡೋದು ನಾಟಕದೊಳಗಿನ ಒಪೆರಾಗಳು. ಒಟ್ಟು ಮೂರು. 'ಹ್ಯಾನಿಬಲ್' (ಆನೆ ಬರೋದು), 'ಇಲ್ ಮುಟೊ' (ಪೌಡರ್ ಹಚ್ಚಿದ ವಿಗ್ಗಿನವರು), ಕೊನೆಗೆ ಫ್ಯಾಂಟಮ್ ತಾನೇ ಬರೆದ 'ಡಾನ್ ಹುವಾನ್'. ಇವು ಕಥೆ ಅಲ್ಲ, ಕಥೆಯವರು ಆಡ್ತಿರೋ ನಾಟಕ ಅಂತ ಮೊದಲೇ ಹೇಳಿದ್ರೆ ಅರ್ಧ ತೊಂದರೆ ಮುಗೀತು. ಇನ್ನರ್ಧ ಅಂದ್ರೆ ಮೊದಲ ದೃಶ್ಯ: ಹರಾಜು ನಡೆಯೋದು ಎಷ್ಟೋ ವರ್ಷದ ನಂತರ, ಗಾಲಿಕುರ್ಚಿಯ ಮುದುಕನೇ ಮುಂದೆ ಬರೋ ಯುವಕ ರಾವುಲ್, ಕ್ರಿಸ್ಟೀನಳ ಪ್ರಿಯಕರ. 666ನೇ ಸಾಮಾನು ಅಂತ ಕೂಗಿದ ತಕ್ಷಣ ಹೊದಿಕೆ ಹಾರಿ, ನೆಲದಲ್ಲಿದ್ದ ತೂಗುದೀಪ ಬೆಳಗಿ ಮೇಲೇರುತ್ತೆ, ಕಾಲ ಹಿಂದಕ್ಕೆ ಹೋಗುತ್ತೆ.

ಹಾಡು, ಮಾತನ್ನ ಅಕ್ಷರದಲ್ಲಿ ಪರದೆ ಮೇಲೆ ತೋರಿಸುವ 'ಕ್ಯಾಪ್ಷನ್ಡ್' ಪ್ರದರ್ಶನ ಅಪರೂಪಕ್ಕೆ ಇರುತ್ತೆ. ದಿನಾಂಕ ಕೂಡಿಬಂದ್ರೆ ಅದೇ ಬುಕ್ ಮಾಡಿ, ಆದ್ರೆ ಪರದೆ ರಂಗದ ಒಂದು ಪಕ್ಕದಲ್ಲಿರುತ್ತೆ, ಅದು ಕಾಣೋ ಸೀಟು ಅಂತ ಕೇಳಿಯೇ ತಗೊಳ್ಳಿ. ಇಲ್ಲದಿದ್ರೆ 2011ರ ರಾಯಲ್ ಆಲ್ಬರ್ಟ್ ಹಾಲ್ ಪ್ರದರ್ಶನದ ವಿಡಿಯೋವನ್ನ ಸಬ್‌ಟೈಟಲ್ ಹಾಕಿ ಮನೇಲಿ ಮೊದಲ ಅಂಕ ಮಾತ್ರ ತೋರಿಸಿ. ಅದರಲ್ಲಿ ತೂಗುದೀಪ ಬೀಳಲ್ಲ, ಹಾಗಾಗಿ ಗುಟ್ಟು ಉಳಿಯುತ್ತೆ.

ವೆಂಬ್ಲಿ_ಬಸ್‌ಸ್ಟಾಪ್:

ದಾರಿ ನಾನು ಹೇಳ್ತೀನಿ. ಥಿಯೇಟರ್‌ಗೆ ಹತ್ತಿರದ್ದು ಪಿಕಡಿಲಿ ಸರ್ಕಸ್ ಸ್ಟೇಷನ್, ಆದರೆ ಅಲ್ಲಿ ಲಿಫ್ಟಿಲ್ಲ, ಮೆಟ್ಟಿಲು ಹತ್ತಲೇಬೇಕು. ಅಮ್ಮನವರಿದ್ದರೆ ಅಲ್ಲಿ ಇಳೀಬೇಡಿ. ಹ್ಯಾರೋದಿಂದ ವೆಂಬ್ಲಿ ಪಾರ್ಕ್ ಸ್ಟೇಷನ್‌ಗೆ ಬಂದು, ಅಲ್ಲಿಂದ ಜುಬಿಲಿ ಲೈನ್ ರೈಲು ಹಿಡಿದು ಗ್ರೀನ್ ಪಾರ್ಕ್‌ನಲ್ಲಿ ಇಳಿಯಿರಿ. ಎರಡೂ ಕಡೆ ಲಿಫ್ಟ್ ಇದೆ. ಅಲ್ಲಿಂದ 38ನೇ ನಂಬರ್ ಬಸ್ಸಲ್ಲಿ ಪಿಕಡಿಲಿ ಸರ್ಕಸ್, ಆಮೇಲೆ ಹೇಮಾರ್ಕೆಟ್ ರಸ್ತೆ ಇಳಿಜಾರು, ನಿಧಾನ ನಡೆದ್ರೂ ಐದಾರು ನಿಮಿಷ. ಮಳೆ ಇದ್ರೆ ಗ್ರೀನ್ ಪಾರ್ಕ್‌ನಿಂದಲೇ ಟ್ಯಾಕ್ಸಿ.

ಟಿಕೆಟ್ ತೆಗೆಯೋ ಮುಂಚೆ ಥಿಯೇಟರಿನ ಆಕ್ಸೆಸ್ ವಿಭಾಗಕ್ಕೆ (ನಡೆಯೋಕೆ ಕಷ್ಟ ಇರೋವರಿಗೆ ನೆರವಾಗೋರು) ಫೋನ್ ಮಾಡಿ, "ಈ ಸೀಟಿಗೆ ಬಾಗಿಲಿಂದ ಎಷ್ಟು ಮೆಟ್ಟಿಲು, ಹಿಡಿಕೆ ಎಡಕ್ಕೋ ಬಲಕ್ಕೋ, ಟಾಯ್ಲೆಟ್ ಯಾವ ಅಂತಸ್ತು" ಅಂತ ಮೂರೂ ಕೇಳಿ. ನೋಯೋ ಮಂಡಿ ಚಾಚೋಕೆ ಆಗುವ ಹಾಗೆ ನಡುದಾರಿಯ ಸೀಟು ಅಮ್ಮನಿಗೆ.

ಐದು ಸೀಟು ಒಂದೇ ಸಾಲಿನಲ್ಲಿ ಸಿಗೋದು ಕಷ್ಟ, ಸಾಲಿನಲ್ಲಿ ಒಂಟಿ ಸೀಟು ಉಳಿಯೋ ಹಾಗೆ ಬುಕ್ ಮಾಡೋಕೆ ವ್ಯವಸ್ಥೆ ಬಿಡಲ್ಲ. ಮುಂದೆ ಮೂರು, ಸರಿಯಾಗಿ ಅದರ ಹಿಂದೆ ಎರಡು ಅಂತ ಹುಡುಕಿ. ವಾರದ ಮೊದಲ ದಿನಗಳಲ್ಲಿ ಶುಕ್ರವಾರ, ಶನಿವಾರಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತೆ. ಲೆಸ್ಟರ್ ಸ್ಕ್ವೇರ್‌ನ ಟಿಕೆಟಿಎಸ್ ಬೂತಿನಲ್ಲಿ ರಿಯಾಯಿತಿ ಇರುತ್ತೆ, ಆದ್ರೆ ಅದು ಇಬ್ಬರಿಗೆ ಸರಿ. ಐದು ಜನಕ್ಕೆ ಅದನ್ನ ನಂಬ್ಕೊಂಡು ಕೂರಬೇಡಿ.

ಹೊತ್ತಿನ ವಿಷಯ: ಮಧ್ಯಂತರವೂ ಸೇರಿ ಎರಡೂವರೆ ಗಂಟೆ. ತೂಗುದೀಪ ಮೇಲೇರೋದು ಮೊದಲ ಹತ್ತು ನಿಮಿಷದೊಳಗೆ, ತಡವಾಗಿ ಬಂದವರನ್ನ ಹಿಂದೆ ನಿಲ್ಲಿಸ್ತಾರೆ. ಹಾಗೇ ಎರಡನೇ ಅಂಕ ಶುರುವಾದ ಕೂಡಲೇ ಮಾಸ್ಕರೇಡ್ ಮೆಟ್ಟಿಲು. ಮಧ್ಯಂತರದಲ್ಲಿ ಹೆಂಗಸರ ಟಾಯ್ಲೆಟ್ ಸಾಲು ಉದ್ದ, ಹಾಗಾಗಿ ಅಮ್ಮ ಮತ್ತು ಮಗಳು ನಾಟಕ ಶುರುವಾಗೋ ಮುಂಚೆಯೇ ಹೋಗಿಬರಲಿ. ಐಸ್‌ಕ್ರೀಮ್ ತರೋಕೆ ಗಂಡಸರು ಸಾಕು.

ಪರದೆ_ಹಿಂದೆ:

ಸೀಟಿನ ಫೋಟೋ, ವಿಮರ್ಶೆ ಹುಡುಕುವಾಗ ಒಂದು ಎಚ್ಚರಿಕೆ: ಥಿಯೇಟರಿನ ಹೆಸರು 'ಹರ್ ಮೆಜೆಸ್ಟಿಸ್' ಅಂತ ಇದ್ರೆ ಅದು 2023ಕ್ಕೆ ಮುಂಚಿನದ್ದು, ರಾಜ ಬಂದ ಮೇಲೆ 'ಹಿಸ್' ಆಯ್ತು. ಬರೆದದ್ದು 2020ಕ್ಕೂ ಹಿಂದಿನದಾದ್ರೆ ನೆಚ್ಚಬೇಡಿ, ಆಮೇಲೆ ಕಟ್ಟಡದ ರಿಪೇರಿಯೂ ಆಗಿದೆ, ನಾಟಕದ ಜೋಡಣೆಯೂ ಬದಲಾಗಿದೆ. 'ಮಜೆಸ್ಟಿಕ್' ಅಂತ ಕಂಡ್ರೆ ಅದು ನ್ಯೂಯಾರ್ಕ್. ಅಲ್ಲಿ 13,981 ಪ್ರದರ್ಶನ ಆಗಿ 2023ರ ಏಪ್ರಿಲ್ 16ಕ್ಕೆ ಮುಚ್ಚಿದೆ, ಆ ಸೀಟಿನ ನಕ್ಷೆ ನಿಮಗೆ ಬೇಡ.

ಹಾಸನ_ಟು_ಹ್ಯಾರೋ:

ರಾಯಲ್ ಸರ್ಕಲ್, ಮಂಗಳವಾರ ಸಂಜೆ, ಮುಂದೆ ಮೂರು ಹಿಂದೆ ಎರಡು ಸಿಕ್ತು. ಅಮ್ಮನಿಗೆ ನಡುದಾರಿ ಸೀಟು. ಮೆಟ್ಟಿಲು ಲೆಕ್ಕ ಕೇಳೋಕೆ ನಾಳೆ ಫೋನ್ ಮಾಡ್ತೀನಿ.