ಅಪ್‌ಡೇಟ್: ನಮ್ಮ ಡಬಲ್ ಡಿಲೈಟ್‌ಗೆ ಕೆಂಪು ಬಂತು!
ಹೋದ ಸಲ ಕೇಳಿದ್ನಲ್ಲ, ಡಬಲ್ ಡಿಲೈಟ್ ಗುಲಾಬಿ ಬರೀ ಕೆನೆ ಬಣ್ಣದಲ್ಲೇ ಅರಳ್ತಿದೆ, ಅಂಚಿಗೆ ಕೆಂಪೇ ಬರ್ತಿಲ್ಲ, ಗೊಬ್ಬರ ಸಾಲ್ತಿಲ್ವಾ ಅಂತ. ಗೊಬ್ಬರ ಅಲ್ಲ, ಬಿಸಿಲು ಅಂದೋರ ಮಾತೇ ನಿಜ ಆಯ್ತು. ಈ ತಳಿಗೆ ಕೆಂಪು ಬರೋದೇ ಬಿಸಿಲಿನ ಅಲ್ಟ್ರಾವಯಲೆಟ್ (ಯುವಿ) ಕಿರಣ ಎಸಳಿಗೆ ತಾಗಿದ್ರೆ, ನಮ್ಮ ಕುಂಡ ಇದ್ದಿದ್ದು ಬಾಲ್ಕನಿಯ ಪಾಲಿಕಾರ್ಬೊನೇಟ್ ಶೀಟ್ ಕೆಳಗೆ, ಅದು ಬೆಳಕು ಬಿಡುತ್ತೆ ಆದ್ರೆ ಯುವಿ ಬಿಡಲ್ಲ. ಟೆರೇಸ್‌ಗೆ ಸಾಗಿಸಿ, ಕೊಂಬೆ ಸವರಿ, ಹೊಸ ಚಿಗುರಲ್ಲಿ ಬಂದ ಮೊಗ್ಗು ಅರಳ್ತಾ ಅರಳ್ತಾ ಹೊರಗಿನ ಎಸಳಿನ ತುದಿಯಿಂದ ಕೆಂಪು ಇಳಿಯೋಕೆ ಶುರು ಆಯ್ತು, ಹೂವು ಹಳೇದಾದಷ್ಟೂ ಕೆಂಪು ಜಾಸ್ತಿ, ಒಂದರ ಥರ ಇನ್ನೊಂದಿಲ್ಲ. ಪರಿಮಳ ಅಂತೂ ಕೇಳ್ಬೇಡಿ! 1977ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಆದ ತಳಿ, ಇಷ್ಟು ವರ್ಷ ಆದ್ರೂ ಜನ ಯಾಕೆ ಬಿಟ್ಟಿಲ್ಲ ಅಂತ ಈಗ ಗೊತ್ತಾಗ್ತಿದೆ.
ಎಲೆ ಮೇಲೆ ಬಿಳಿ ಪುಡಿ ಥರ ಕೂರೋ ಬೂದಿ ರೋಗ ಮಾತ್ರ ಇದಕ್ಕೆ ಬೇಗ ಹಿಡಿಯುತ್ತೆ, ಅದಕ್ಕೇ ಕುಂಡಗಳನ್ನ ದೂರ ದೂರ ಇಟ್ಟು ಗಾಳಿ ಆಡೋ ಹಾಗೆ ಮಾಡಿದೀನಿ, ನೀರು ಬೆಳಿಗ್ಗೆ ಬುಡಕ್ಕೆ ಮಾತ್ರ. ಜಾಗ ಬದಲಾಯಿಸಿ ಅಂತ ಹೇಳಿದ ಅಕ್ಕಂಗೆ ತುಂಬಾ ಥ್ಯಾಂಕ್ಸ್, ಫೋಟೋ ನಾಳೆ ಹಾಕ್ತೀನಿ.